ಕಮಲಕ್ಕ ವಿಚಾರಿಸಿದ ಮನೆ

ಮೂಡುಬಿದಿರೆಯಿಂದ ವೇಣೂರು, ಬೆಳ್ತಂಗಡಿಯವರೆಗೆ ಯಾವ ಜೈನರ ಮನೆಯಲ್ಲಿ ಹೆಣ್ಣು ನೋಡುವ, ಗಂಡು ನೋಡುವ ಮಾತು ಎದ್ದರೂ ಮೊದಲ ಫೋನು ಬರುತ್ತಿದ್ದದ್ದು ಕಮಲಾವತಿಯವರಿಗೆ. ಹುಡುಗನ ಬಳಿ ಯಾವುದು, ಅಂದರೆ ತಾಯಿಯ ಕಡೆಯ ಕವಲು ಯಾವುದು, ಅಜ್ಜಿಯ ತವರು ಎಲ್ಲಿ, ಅಪ್ಪನಿಗೂ ದೊಡ್ಡಪ್ಪನಿಗೂ ಮಾತುಕತೆ ಉಂಟೋ ಇಲ್ಲವೋ, ಇದನ್ನೆಲ್ಲ ಅವರು ಸೌತೆಕಾಯಿ ಹೆಚ್ಚುತ್ತಲೇ ಹೇಳಿಬಿಡುವರು. ಗೊತ್ತಿಲ್ಲದಿದ್ದರೆ ‘ನಾಳೆ ಹೇಳ್ತೇನೆ’ ಎನ್ನುವರು, ನಾಳೆ ಹೇಳಿಯೂ ಹೇಳುವರು. ‘ಕಮಲಕ್ಕ ವಿಚಾರಿಸಿ ಆಗಿದೆ’ ಎಂದರೆ ಆಮೇಲೆ ಜಾತಕ ನೋಡುವುದು ಬರೀ ಶಾಸ್ತ್ರಕ್ಕೆ. ಕೆಟ್ಟ ಮನೆಯನ್ನು ಅವರು ಕೆಟ್ಟದ್ದು ಎಂದು ಬಾಯಿಬಿಟ್ಟು ಹೇಳಿದವರಲ್ಲ. ‘ಅಲ್ಲಿ ಬೇಡ, ದೂರ ಆಗ್ತದೆ’ ಎನ್ನುವರು. ಕೇಳಿದವರಿಗೆ ಅಷ್ಟು ಸಾಕಾಗುತ್ತಿತ್ತು.

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಊರವರ ಮನೆಯನ್ನೆಲ್ಲ ವಿಚಾರಿಸುತ್ತಿದ್ದ ಕಮಲಕ್ಕನ ಮನೆಯಲ್ಲಿ ಒಬ್ಬನೇ ಮಗ ಸಮ್ಮೇದ್ ಕುಡಿಯುತ್ತಿದ್ದ. ಪೇಟೆಯಲ್ಲಿ ಅವರದೊಂದು ಪಾತ್ರೆ ಅಂಗಡಿ. ಗಂಡ ಚಂದ್ರರಾಜರು ಕಟ್ಟಿ ಬೆಳೆಸಿದ್ದು. ಮೊಣಕಾಲು ಕೈಕೊಟ್ಟ ಮೇಲೆ ಅವರು ಬೆಳಗ್ಗೆ ಸ್ವಲ್ಪ ಹೊತ್ತು ಹೋಗಿ ಕೂತು ಬರುವುದಷ್ಟೆ, ವ್ಯಾಪಾರವೆಲ್ಲ ಸಮ್ಮೇದನ ಕೈಯಲ್ಲಿ. ಮೊದಮೊದಲು ಶನಿವಾರ ಕುಡಿಯುತ್ತಿದ್ದವನು ಆಮೇಲೆ ದಿನಾ ಸಂಜೆ ಕುಡಿದ, ಈಗ ಬೆಳಗ್ಗೆ ಶಟರು ಎತ್ತುವ ಮೊದಲೇ ಕುಡಿಯಬೇಕು. ಇಲ್ಲದಿದ್ದರೆ ಕೈ ನಡುಗಿ ಬೀಗ ತೆಗೆಯುವುದೇ ಆಗುತ್ತಿರಲಿಲ್ಲ. ಕುಕ್ಕರಿನ ಪೆಟ್ಟಿಗೆಗಳ ಹಿಂದೆ ಬಾಟಲಿ ಇರುವುದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವುದೂ ಎಲ್ಲರಿಗೂ ಅಭ್ಯಾಸವಾಗಿತ್ತು.

ಮಳೆಗಾಲದ ಆಟಿ ತಿಂಗಳ ಒಂದು ದಿನ ಇಡ್ಲಿ ಪಾತ್ರೆ ಕೊಳ್ಳಲು ಬಂದ ಗಿರಾಕಿಯ ಎದುರೇ ಸಮ್ಮೇದ್ ಕುಸಿದು ಬಿದ್ದ. ಪಕ್ಕದಂಗಡಿಯವರು ಎತ್ತಿ ರಿಕ್ಷಾದಲ್ಲಿ ಮನೆಗೆ ತಂದು ಬಿಟ್ಟರು.

"ಬಿ.ಪಿ. ಅಂತ ಹೇಳಿದ್ದೇನೆ," ಎಂದರು ಚಂದ್ರರಾಜರು, ಅವತ್ತು ಸಂಜೆ ಊಟಕ್ಕೆ ಕೂತು. ಆ ಮನೆಯಲ್ಲಿ ಊಟ ಹೊತ್ತು ಮುಳುಗುವ ಮೊದಲು. ಕತ್ತಲಾದ ಮೇಲೆ ಒಲೆ ಹಚ್ಚುವ ಕ್ರಮವಿಲ್ಲ. ಮಗನಿಗೆ ಗಂಜಿ ಬಿಸಿ ಮಾಡುವುದಕ್ಕಾಗಿ ಕಮಲಕ್ಕ ಆ ಕ್ರಮವನ್ನು ಎಂದೋ ಮುರಿದಿದ್ದರು, ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲದ ವಿಷಯ ಅದು.

"ಬಿ.ಪಿ. ಇದ್ದವರ ಬಾಯಿ ಹಾಗೆ ವಾಸನೆ ಬರ್ತದಾ ಮಾವ?" ಎಂದಳು ಸೊಸೆ ಶ್ರೇಯಾ. ಅವಳು ಅಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತವರು ಬಂಟ್ವಾಳ ಪೇಟೆಯಲ್ಲಿ.

"ಗಸಿ ಬಡಿಸು. ಮಾತು ಆಮೇಲೆ," ಎಂದರು ಕಮಲಕ್ಕ.

"ಬಡಿಸ್ತೇನೆ ಅತ್ತೆ, ಮಾತೂ ಈಗಲೇ ಆಗ್ಲಿ. ನನ್ನ ಫ್ರೆಂಡ್ ಶಹರ್ಬಾನು ಹೇಳಿದ್ಲು, ಬಿ.ಸಿ.ರೋಡಿನಲ್ಲಿ ಆಫ್ರಾ ಅಂತ ಒಬ್ರು ಕೌನ್ಸೆಲರ್ ಇದ್ದಾರಂತೆ. ಕುಡಿತ ಬಿಡಿಸುವ ಕೆಲಸವೇ ಅವರದ್ದು. ಡಾಕ್ಟ್ರ ಜೊತೆ ಸೇರಿ ಮಾಡುದಂತೆ. ಒಮ್ಮೆ ಹೋಗಿ ಬರುವ."

"ಆಫ್ರಾ? ಬ್ಯಾರಿಯವರಾ? ಅವರ ಮನೆ ಎಲ್ಲಿ?"

"ಮನೆ ನನಗೆ ಗೊತ್ತಿಲ್ಲ. ಅವರು ಕಲಿತದ್ದು ಗೊತ್ತುಂಟು."

ಮಾಳಿಗೆಯ ಕೋಣೆಯಲ್ಲಿ ಸಮ್ಮೇದ್ ವಾಂತಿ ಮಾಡುವ ಸದ್ದು ಕೇಳಿತು. ಕಮಲಕ್ಕ "ಒಮ್ಮೆ ಹೋಗಿ ನೋಡುವ" ಎಂದದ್ದು ಆ ಸದ್ದಿಗೆ ಹೆದರಿ.

ಆಫ್ರಾಳ ಕೋಣೆ ಒಂದು ಮೆಡಿಕಲ್ ಅಂಗಡಿಯ ಮಾಳಿಗೆಯಲ್ಲಿತ್ತು. ಕೆಳಗಡೆ ಮಂಗಳೂರು, ಪುತ್ತೂರು ಎಂದು ಕಂಡಕ್ಟರುಗಳು ಕೂಗುವುದೆಲ್ಲ ಒಳಗೆ ಕೇಳುತ್ತಿತ್ತು. ಸ್ಕಾರ್ಫ್ ಹಾಕಿದ, ಮೂವತ್ತೈದರ ಆಸುಪಾಸಿನ ಹೆಂಗಸು. ಕಮಲಕ್ಕ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ವಿಚಾರಿಸಲು ಸುರುಮಾಡಿದರು.

"ನಿಮ್ಮ ಮನೆ ಎಲ್ಲಿ ಆಯ್ತು?"

"ಪಾಣೆಮಂಗಳೂರು."

"ತಂದೆ ಎಂತ ಮಾಡುದು?"

"ಒಣಮೀನಿನ ವ್ಯಾಪಾರ." ಕಮಲಕ್ಕನ ಮುಖ ಕಿವುಚಿದ್ದು ನೋಡಿ ಆಫ್ರಾ ನಕ್ಕಳು. "ಅಮ್ಮ, ನನ್ನ ಬಗ್ಗೆ ಕೇಳ್ಬೇಕಾದ್ದು ಅದಲ್ಲ. ಇಲ್ಲಿ ಗೋಡೆಯಲ್ಲಿ ಹೆಸರಿನ ಕೆಳಗೆ ನಂಬರ್ ಉಂಟಲ್ಲ, ಅದು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕ್ಬೇಕಾದ್ರೆ ದೆಹಲಿಯ ಪುನರ್ವಸತಿ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಇರ್ಬೇಕು. ಸುಮ್ಮನೆ ಸಲಹೆಗಾರ ಅಂತಾದ್ರೆ ಯಾರು ಬೇಕಾದ್ರೂ ಹಾಕಿಕೊಳ್ಳಬಹುದು. ಈಗಲೇ ಮೊಬೈಲಿನಲ್ಲಿ ನೋಡಿ. ನನ್ನ ಹೆಸರು ಬಾರದಿದ್ರೆ ಎದ್ದು ಹೋಗಿ, ನನಗೆ ಬೇಜಾರಿಲ್ಲ."

ಶ್ರೇಯಾ ಅಲ್ಲೇ ಕೂತು ನೋಡಿದಳು. ಹೆಸರು ಬಂತು, ಕಲಿತ ಕಾಲೇಜು ಬಂತು, ನೋಂದಣಿ ಯಾವ ವರ್ಷದವರೆಗೆ ನಡೆಯುತ್ತದೆ ಎನ್ನುವುದೂ ಬಂತು. ಅತ್ತೆಯ ಕಣ್ಣಿಗೆ ಮೊಬೈಲು ಹಿಡಿದಳು. ಕನ್ನಡಕ ತಂದಿಲ್ಲ ಎಂದರು ಕಮಲಕ್ಕ.

ಆಫ್ರಾ ಸಮ್ಮೇದನ ಹತ್ತಿರ ತುಂಬಾ ಹೊತ್ತು ಮಾತಾಡಿದಳು. ಬೆಳಗ್ಗೆ ಎದ್ದಕೂಡಲೇ ಕುಡಿಯದಿದ್ದರೆ ಏನಾಗುತ್ತದೆ, ಬೆವರುತ್ತದೆಯೇ, ಎಂದಾದರೂ ಫಿಟ್ಸ್ ಬಂದದ್ದುಂಟೇ ಎಂದೆಲ್ಲ ಕೇಳಿದಳು. ಅವಳು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಸಮ್ಮೇದ್ ಎಷ್ಟೋ ತಿಂಗಳ ನಂತರ ತಲೆ ಎತ್ತಿ ಉತ್ತರ ಕೊಟ್ಟದ್ದನ್ನು ಕಮಲಕ್ಕ ಕಂಡರು. ಕೊನೆಗೆ ಆಫ್ರಾ ಎಲ್ಲರನ್ನೂ ಕೂರಿಸಿ ಹೇಳಿದಳು.

"ಒಂದು ಮಾತು ಮರೀಬೇಡಿ. ಇಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸ್ಬಾರ್ದು. ಮದ್ದಿಲ್ಲದೆ ನಿಲ್ಲಿಸಿದ್ರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರ್ಬಹುದು. ಜೀವಕ್ಕೇ ಅಪಾಯ. ಮೊದಲು ಒಂದು ವಾರ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗ್ಬೇಕು, ಸೈಕಿಯಾಟ್ರಿಸ್ಟ್ ಮದ್ದು ಕೊಟ್ಟು ಇಳಿಸ್ತಾರೆ. ನನ್ನ ಕೆಲಸ ಆಮೇಲೆ. ಚೀಟಿ ಬರೆದು ಕೊಡ್ತೇನೆ."

ಕಮಲಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಆದರೆ ಬಸ್ಸು ಹತ್ತಿ ಮನೆಗೆ ಬರುವಾಗ ಅವರ ಕಿವಿಯಲ್ಲಿ ಉಳಿದದ್ದು ‘ಅಡ್ಮಿಟ್’ ಎಂಬ ಒಂದೇ ಶಬ್ದ.

"ಆ ಆಸ್ಪತ್ರೆಯಲ್ಲಿ ಮಲಗಿಸಿದ್ರೆ ಎರಡು ದಿನದಲ್ಲಿ ವೇಣೂರಿಗೆ ಸುದ್ದಿ ಮುಟ್ತದೆ," ಎಂದರು ಮನೆಗೆ ಬಂದು ಚಪ್ಪಲಿ ಕಳಚುತ್ತಾ.

"ಮುಟ್ಲಿ ಅತ್ತೆ."

"ನಿನಗೆ ಸುಲಭ. ನಾಲ್ಕು ಜನ ನನ್ನ ಹತ್ರ ಮನೆ ಕೇಳಿಕೊಂಡು ಬರ್ತಾರೆ. ನಾಳೆ ನನ್ನ ಮನೆಯನ್ನೇ ಕೇಳಿದ್ರೆ ಎಂತ ಹೇಳುದು?"

"ಮಗನಿಗೆ ಹುಷಾರಿಲ್ಲ ಅಂತ ಹೇಳುದು."

ಚಂದ್ರರಾಜರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ "ನೋಡುವ, ನೋಡುವ" ಎಂದರು. ಅವರ ‘ನೋಡುವ’ದಲ್ಲಿ ಆ ಮನೆಯ ಎಷ್ಟೋ ಕೆಲಸಗಳು ಹಾಗೇ ಉಳಿದಿದ್ದವು. ಸಮ್ಮೇದ್ "ಚಾತುರ್ಮಾಸ ಕಳೀಲಿ, ಅಂಗಡಿಯಲ್ಲಿ ಹಬ್ಬದ ವ್ಯಾಪಾರ ಉಂಟು" ಎಂದ. ಅವನಿಗೆ ಆಸ್ಪತ್ರೆಯೆಂದರೆ ಭಯ. ಎಲ್ಲರೂ ಅವರವರ ಭಯಕ್ಕೆ ಒಂದೊಂದು ಒಳ್ಳೆಯ ಹೆಸರಿಟ್ಟುಕೊಂಡರು.

ಮರುದಿನದಿಂದ ಕಮಲಕ್ಕ ಫೋನು ಹಿಡಿದು ಕೂತರು. ನಮ್ಮವರೇ ಯಾರಾದರೂ ಇದ್ದಾರೆಯೇ, ಮನೆಗೆ ಬಂದು, ಗುಟ್ಟಾಗಿ, ಮರ್ಯಾದೆಯಾಗಿ ಈ ಕೆಲಸ ಮಾಡುವವರು? ಇದ್ದರು. ಬೆಳ್ತಂಗಡಿಯಲ್ಲಿ ಪುಷ್ಪದಂತ ಬಲ್ಲಾಳರೆಂಬವರು ವ್ಯಸನಮುಕ್ತಿ ಸಲಹಾ ಕೇಂದ್ರ ಇಟ್ಟಿದ್ದಾರಂತೆ. ಕಮಲಕ್ಕ ಸುಮ್ಮನೆ ಒಪ್ಪುವವರಲ್ಲ. ಬಲ್ಲಾಳರ ತಾಯಿಯ ತವರು ಕಕ್ಕಿಂಜೆಯ ಕಡೆ ಎಂದು ತಿಳಿದು ಅಲ್ಲಿನ ಸುನಂದಾಳಿಗೆ ಫೋನು ಮಾಡಿದರು. ಸುನಂದಾ ದೂರದ ಸಂಬಂಧ, ಇಬ್ಬರಿಗೂ ತಿಂಗಳಿಗೊಮ್ಮೆಯಾದರೂ ಮಾತಿತ್ತು.

"ಅಯ್ಯೋ ಕಮಲಕ್ಕ, ಒಳ್ಳೆಯ ಮನೆಯವರು. ಅವರ ಅಜ್ಜ ಬಸದಿಗೆ ಗದ್ದೆ ಬಿಟ್ಟುಕೊಟ್ಟವರು. ಸಂಜೆ ಮೇಲೆ ನೀರು ಸಹ ಮುಟ್ಟುದಿಲ್ಲ. ಯಾರಿಗೆ ಬೇಕಿತ್ತು?"

"ಯಾರೋ ಕೇಳಿದ್ರು," ಎಂದರು ಕಮಲಕ್ಕ. ಆದರೆ ಸುನಂದಾ ದಡ್ಡಿಯಲ್ಲ.

ಬಳಿ ಸರಿ ಬಂತು. ಅಜ್ಜಿಯ ತವರು ಸರಿ ಬಂತು. ಹೆಂಡತಿಯ ಮನೆ ಕಾರ್ಕಳದ ಹತ್ತಿರ, ಅದೂ ಹೆಸರಿದ್ದ ಮನೆ. ಮೂರು ತಲೆಮಾರಿನವರೆಗೆ ಜಾಲಾಡಿದರೂ ಒಂದು ಕಲ್ಲು ಸಿಗಲಿಲ್ಲ. ಕಮಲಕ್ಕ ಕೇಳದೆ ಬಿಟ್ಟದ್ದು ಒಂದೇ: ಈ ಮನುಷ್ಯ ಈ ಕೆಲಸವನ್ನು ಎಲ್ಲಿ ಕಲಿತ ಎಂದು. ಅದು ಕೇಳುವ ಪ್ರಶ್ನೆಯೆಂದು ಅವರಿಗೆ ಹೊಳೆಯಲೇ ಇಲ್ಲ.

ಬಲ್ಲಾಳರು ಒಂದು ಭಾನುವಾರ ಬಿಳಿ ಕಾರಿನಲ್ಲಿ ಬಂದರು. ಬಿಳಿ ಪಂಚೆ, ಮೆತ್ತಗಿನ ಮಾತು, ಐವತ್ತು ದಾಟಿದ ಮುಖದಲ್ಲಿ ಒಳ್ಳೆಯ ಕಳೆ. ಮೊದಲು ಇನ್ಶೂರೆನ್ಸ್ ಏಜೆಂಟರಾಗಿದ್ದರಂತೆ, ತಮ್ಮನೊಬ್ಬ ಕುಡಿದು ಹಾಳಾದ ಮೇಲೆ ಈ ಸೇವೆಗೆ ಇಳಿದರಂತೆ. ಮಧ್ಯಾಹ್ನದ ಊಟಕ್ಕೆ ಸೌತೆಕಾಯಿ ಹುಳಿ, ಬಾಳೆಕಾಯಿ ಪಲ್ಯ, ಹೆಸರುಬೇಳೆ ಪಾಯಸ. "ಚಾತುರ್ಮಾಸ ಅಂತ ಸೊಪ್ಪು ಬಿಟ್ಟಿದ್ದೀರಿ, ಈಗಿನ ಮನೆಗಳಲ್ಲಿ ಯಾರು ಇಷ್ಟೆಲ್ಲ ನೋಡ್ತಾರೆ?" ಎಂದು ಬಲ್ಲಾಳರು ಹೇಳಿದಾಗ ಕಮಲಕ್ಕನಿಗೆ ಕಣ್ಣು ತುಂಬಿತು. ತನ್ನ ಮನೆಯನ್ನು ಯಾರೋ ಸರಿಯಾಗಿ ನೋಡಿದರು ಎನ್ನಿಸಿತು.

ಶ್ರೇಯಾ ಎರಡನೇ ಸಲ ಅನ್ನ ಬಡಿಸುತ್ತಾ ಕೇಳಿದಳು. "ಸರ್, ನಿಮ್ಮ ರಿಜಿಸ್ಟ್ರೇಶನ್ ನಂಬರ್ ಎಂತ?"

ಬಲ್ಲಾಳರ ಕೈ ಎಲೆಯಲ್ಲೇ ನಿಂತಿತು. "ನಂಬರು ಎಲ್ಲ ವ್ಯಾಪಾರದವರಿಗೆ, ತಾಯಿ. ನಮ್ಮದು ಸೇವೆ. ಆದ್ರೂ ಬೆಂಗಳೂರಿನಲ್ಲಿ ಶಿಬಿರ ಮಾಡಿದ್ದೇನೆ, ಸರ್ಟಿಫಿಕೇಟ್ ಉಂಟು. ಫ್ರೇಮು ಹಾಕಿಸಿ ಇಟ್ಟಿದ್ದೇನೆ."

"ಎಷ್ಟು ದಿನದ ಶಿಬಿರ?"

"ಶನಿವಾರ, ಭಾನುವಾರದ್ದು."

"ಡಾಕ್ಟ್ರು ಯಾರಾದ್ರೂ ನಿಮ್ಮ ಜೊತೆ ಇದ್ದಾರಾ?"

"ಡಾಕ್ಟ್ರು ಯಾಕೆ? ಒಂದು ಚಟ ಬಿಡಿಸ್ಲಿಕ್ಕೆ ಮಾತ್ರೆಯ ಇನ್ನೊಂದು ಚಟ ಹಿಡಿಸುದಾ? ದೇವರ ಎದುರು ನೇಮ ಹಿಡಿದು ಒಮ್ಮೆಗೇ ಬಿಡ್ಬೇಕು. ಮನಸ್ಸು ಗಟ್ಟಿ ಇದ್ರೆ ಶರೀರ ಹಿಂದೆ ಬರ್ತದೆ."

"ಪಾಯಸ ಹಾಕು," ಎಂದರು ಕಮಲಕ್ಕ ಗಟ್ಟಿಯಾಗಿ. ಅವರಿಗೆ ನೆಲ ಬಿರಿದು ಒಳಗೆ ಹೋದರೆ ಸಾಕಿತ್ತು.

ಬಿಳಿ ಕಾರು ಗೇಟು ದಾಟಿದ್ದೇ ತಡ, ಜಗಳ ಎದ್ದಿತು.

"ಊಟಕ್ಕೆ ಕೂತವರ ಹತ್ರ ಪೊಲೀಸಿನವರ ಹಾಗೆ ಕೇಳುದಾ? ನಿನ್ನ ಅಮ್ಮ ಇದನ್ನೇ ಕಲಿಸಿದ್ದಾ?"

"ಅವರ ಅಜ್ಜಿಯ ತವರು ನೀವು ಕೇಳ್ಬಹುದು, ಅವರು ಓದಿದ್ದೆಂತ ಅಂತ ನಾನು ಕೇಳ್ಬಾರ್ದಾ? ಇಗೊಳ್ಳಿ, ಹೆಸರು ಹಾಕಿ ನೋಡಿದೆ. ರಿಜಿಸ್ಟರಿನಲ್ಲಿ ಇಲ್ಲ. ಎಲ್ಲಿಯೂ ಇಲ್ಲ."

"ಆ ರಿಜಿಸ್ಟರ್ ಮಾಡಿದವರಿಗೆ ನಮ್ಮ ಊರು ಗೊತ್ತುಂಟಾ? ಮನೆ ಒಳ್ಳೆದಿದ್ರೆ ಮನುಷ್ಯ ಒಳ್ಳೆಯವನೇ."

"ಒಳ್ಳೆಯವರೇ ಇರ್ಬಹುದು ಅತ್ತೆ, ನಾನು ಇಲ್ಲ ಅಂತ ಹೇಳ್ಲಿಲ್ಲ. ಮಾವನ ಮೊಣಕಾಲಿನ ಆಪರೇಶನ್ ಆ ಒಳ್ಳೆಯವರ ಕೈಯಲ್ಲಿ ಮಾಡಿಸ್ತೀರಾ?"

ಚಂದ್ರರಾಜರಿಗೆ ನಗು ಬಂತು. ಹೆಂಡತಿಯ ಮುಖ ನೋಡಿ ನುಂಗಿಕೊಂಡರು. ಸಮ್ಮೇದ್ ಬಾಗಿಲಲ್ಲಿ ನಿಂತು "ನನಗೆ ಬಲ್ಲಾಳರೇ ಆಗ್ಬಹುದು. ಆಸ್ಪತ್ರೆ ಬೇಡ" ಎಂದ.

"ನೋಡು, ಅವನೇ ಹೇಳ್ತಾನೆ," ಎಂದರು ಕಮಲಕ್ಕ. "ನಲ್ವತ್ತು ವರ್ಷದಿಂದ ಜನ ನನ್ನ ಮಾತು ನಂಬಿ ಮಕ್ಕಳನ್ನು ಕೊಟ್ಟಿದ್ದಾರೆ. ಒಂದು ಮನೆ ತಪ್ಪಿದೆಯಾ?"

ಶ್ರೇಯಾಳ ಧ್ವನಿ ಇಳಿಯಿತು. "ನಮ್ಮಪ್ಪನೂ ನಿಮ್ಮ ಹತ್ರವೇ ವಿಚಾರಿಸಿದ್ದು ಅತ್ತೆ. ಹುಡುಗ ಹೇಗೆ ಅಂತ. ‘ಚಹಾ ಸಹ ಕುಡಿಯುದಿಲ್ಲ’ ಅಂದ್ರಿ. ಅವತ್ತು ನಿಮಗೆ ಗೊತ್ತಿತ್ತಾ, ಇಲ್ವಾ?"

ಕಮಲಕ್ಕನಿಗೆ ಗೊತ್ತಿತ್ತು. ಆಗ ಶನಿವಾರ ಮಾತ್ರ ಕುಡಿಯುತ್ತಿದ್ದ, ಮದುವೆಯಾದರೆ ಬಿಡುತ್ತಾನೆ ಎಂದು ಎಲ್ಲ ತಾಯಂದಿರ ಹಾಗೆ ಅವರೂ ನಂಬಿದ್ದರು. ಅವರು ಎದ್ದು ಹೋಗಿ ಪಾಯಸದ ಪಾತ್ರೆ ತೊಳೆಯತೊಡಗಿದರು. ಅಂದಿನಿಂದ ಅತ್ತೆ ಸೊಸೆಗೆ ಅಗತ್ಯಕ್ಕೆ ಬೇಕಾದಷ್ಟೇ ಮಾತು.

ಆದರೂ ಶ್ರೇಯಾ ಬಿಡಲಿಲ್ಲ. ಗಂಡನನ್ನು ದಿನಾ ಸ್ವಲ್ಪ ಸ್ವಲ್ಪ ಒಪ್ಪಿಸಿದಳು. ಆಸ್ಪತ್ರೆಗೆ ಫೋನು ಮಾಡಿ ಮುಂದಿನ ಸೋಮವಾರ ಹಾಸಿಗೆ ಗೊತ್ತುಮಾಡಿದಳು. ಸಮ್ಮೇದ್ ಚೀಲಕ್ಕೆ ಎರಡು ಅಂಗಿ ಹಾಕಿ ಇಟ್ಟದ್ದನ್ನು ಕಮಲಕ್ಕ ಕಂಡರು.

ಆ ವಾರ ಮಳೆ ಹಿಡಿದದ್ದು ಬಿಡಲಿಲ್ಲ. ಗುರುವಾರ ಶ್ರೇಯಾಳ ತವರಿನಿಂದ ಫೋನು ಬಂತು. ನೇತ್ರಾವತಿ ಏರುತ್ತಿದೆ, ಅಂಗಳಕ್ಕೆ ನೀರು ಬಂದಿದೆ, ಸಾಮಾನು ಮೇಲೆ ಸಾಗಿಸಲು ಜನವಿಲ್ಲ. ಶ್ರೇಯಾ ಹೊರಡುವಾಗ ಗಂಡನಿಗೆ ಹೇಳಿದಳು: "ಸೋಮವಾರದ ಒಳಗೆ ಬರ್ತೇನೆ. ಅಷ್ಟರವರೆಗೆ ಒಮ್ಮೆಲೇ ನಿಲ್ಲಿಸ್ಲಿಕ್ಕೆ ಹೋಗ್ಬೇಡಿ." ಕುಡಿಯಬೇಡಿ ಎನ್ನುವ ಬದಲು ನಿಲ್ಲಿಸಬೇಡಿ ಎನ್ನುವ ಹೆಂಡತಿಯನ್ನು ಕಂಡು ಕಮಲಕ್ಕನ ಮೈ ಉರಿಯಿತು.

ಸೊಸೆ ಇಲ್ಲದ್ದು ಅನುಕೂಲವೇ ಆಯಿತು ಎಂದುಕೊಂಡರು. ಶುಕ್ರವಾರ ಬೆಳಗ್ಗೆ ಬಲ್ಲಾಳರನ್ನು ಕರೆಸಿದರು. ದೇವರ ಕೋಣೆಯಲ್ಲಿ ಪದ್ಮಾವತಿ ಅಮ್ಮನ ಎದುರು ಸಮ್ಮೇದನನ್ನು ಸ್ನಾನ ಮಾಡಿಸಿ ಕೂರಿಸಿದರು. "ಇನ್ನು ಜೀವ ಇರುವವರೆಗೆ ಮುಟ್ಟುದಿಲ್ಲ" ಎಂದು ಅವನು ಹೇಳಿದ. ಚಂದ್ರರಾಜರು ಅಂಗಡಿಗೆ ಹೋಗಿ ಕುಕ್ಕರಿನ ಹಿಂದಿನ ಬಾಟಲಿಗಳನ್ನೆಲ್ಲ ಚರಂಡಿಗೆ ಸುರಿದು ಬಂದರು. ಆ ದಿನ ಮೂವರೂ ಹೊತ್ತು ಮುಳುಗುವ ಮೊದಲು ಒಟ್ಟಿಗೆ ಕೂತು ಉಂಡರು. ಎಷ್ಟೋ ಕಾಲದ ಮೇಲೆ ಕಮಲಕ್ಕ ಒಲೆಯನ್ನು ಹೊತ್ತಿಗೆ ಸರಿಯಾಗಿ ಆರಿಸಿದರು. ಸಂತೋಷದಿಂದ ಅವರಿಗೆ ನಿದ್ದೆಯೇ ಬರಲಿಲ್ಲ.

ಶನಿವಾರ ಸಮ್ಮೇದನ ಕೈ ಲೋಟ ಹಿಡಿಯಲಿಲ್ಲ. ಬೆವರಿನಿಂದ ಹಾಸಿಗೆ ಒದ್ದೆಯಾಯಿತು. ಸಂಜೆ ಹೊತ್ತಿಗೆ ಗೋಡೆಯಲ್ಲಿ ಇರುವೆ ಸಾಲು ಹೋಗುತ್ತಿದೆ ಎಂದು ಬೆರಳು ತೋರಿಸಿದ. ಗೋಡೆಯಲ್ಲಿ ಏನೂ ಇರಲಿಲ್ಲ.

"ಅಮ್ಮ, ನನಗೆ ಹೆದರಿಕೆ ಆಗ್ತದೆ. ಆ ಆಫ್ರಾ ಮೇಡಮ್ಮನ ಹತ್ರ ಕರ್ಕೊಂಡು ಹೋಗು."

"ಇನ್ನೆರಡು ದಿನ ತಡ್ಕೊ ಮಗ."

"ಅವರು ಹೇಳಿದ್ದು ಇದೇ ಅಲ್ವಾ ಅಮ್ಮ? ನೀನೂ ಇದ್ದಿ."

ಕಮಲಕ್ಕ ಹೊರಗೆ ಬಂದು ಬಲ್ಲಾಳರಿಗೆ ಫೋನು ಮಾಡಿದರು.

"ವಿಷ ಹೊರಗೆ ಹೋಗುವಾಗ ಹಾಗೇ ಆಗುದು," ಎಂದರು ಬಲ್ಲಾಳರು ಅದೇ ಮೆತ್ತಗಿನ ಧ್ವನಿಯಲ್ಲಿ. "ನೀವು ಗಟ್ಟಿ ನಿಲ್ಲಿ ಕಮಲಕ್ಕ. ಈಗ ಆಸ್ಪತ್ರೆಗೆ ಹೋದ್ರೆ ನೇಮ ಮುರಿದ ಹಾಗೆ. ಎಳನೀರು ಕೊಡಿ."

ಎಳನೀರು ಕೊಟ್ಟರು. ಕುಡಿದದ್ದೆಲ್ಲ ವಾಂತಿಯಾಯಿತು. ಚಂದ್ರರಾಜರು "ಕಮಲ, ಆಸ್ಪತ್ರೆಗೆ ಹೋಗುವನಾ?" ಎಂದು ಕೇಳಿದರು. ಜೀವಮಾನದಲ್ಲಿ ಆ ಮನುಷ್ಯ ‘ನೋಡುವ’ ಎನ್ನದೆ ‘ಹೋಗುವ’ ಎಂದದ್ದು ಅದೊಂದೇ ಸಲ. ಕಮಲಕ್ಕ ತಲೆಯಾಡಿಸಿ ಬೇಡವೆಂದರು. ಅಷ್ಟರಲ್ಲಿ ಬಂಟ್ವಾಳದಿಂದ ಶ್ರೇಯಾಳ ಫೋನು ಬಂತು.

"ಹೇಗಿದ್ದಾರೆ ಅತ್ತೆ?"

"ಒಳ್ಳೆದಿದ್ದಾನೆ. ಮಲಗಿದ್ದಾನೆ."

"ಕುಡಿದಿದ್ದಾರಾ?"

"ಇಲ್ಲ," ಎಂದರು ಕಮಲಕ್ಕ. ಆ ಸಂಕಟದಲ್ಲೂ ಆ ಶಬ್ದ ಹೇಳುವಾಗ ಅವರಿಗೆ ಗೆದ್ದ ಹಾಗಾಯಿತು.

"ಇಲ್ವಾ? ಯಾವಾಗಿನಿಂದ? ಅತ್ತೆ, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಲ್ಲಿ ಪೇಟೆಯಲ್ಲೆಲ್ಲ ನೀರು, ಬಸ್ಸಿಲ್ಲ, ನನಗೆ ಬರ್ಲಿಕ್ಕೆ..."

"ನೀನು ನಿನ್ನ ಅಪ್ಪ ಅಮ್ಮನನ್ನು ನೋಡು. ನನ್ನ ಮಗನನ್ನು ನಾನು ನೋಡ್ತೇನೆ," ಎಂದು ಫೋನು ಇಟ್ಟರು. ಮತ್ತೆ ಬಂದ ಕರೆಗಳನ್ನು ಎತ್ತಲಿಲ್ಲ.

ಭಾನುವಾರ ಬೆಳಗ್ಗೆ ಗಂಜಿ ತಿನ್ನಿಸಲು ಹೋದಾಗ ಸಮ್ಮೇದನ ಕಣ್ಣು ಮೇಲೆ ಹೋಗಿ ಮೈಯೆಲ್ಲ ಸೆಟೆದುಕೊಂಡಿತು. ಮಂಚ ಗೋಡೆಗೆ ಬಡಿಯುವ ಸದ್ದಿಗೆ ಪಕ್ಕದ ಮನೆಯವರೇ ಓಡಿ ಬಂದರು. ಇನ್ನು ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಮೂಡುಬಿದಿರೆಯ ಆಸ್ಪತ್ರೆಯಿಂದ ಮಂಗಳೂರಿಗೆ ಕಳಿಸಿದರು. ದಾರಿಯಲ್ಲಿ ಇನ್ನೊಮ್ಮೆ ಫಿಟ್ಸ್ ಬಂತು, ವಾಂತಿ ಶ್ವಾಸಕೋಶಕ್ಕೆ ಹೋಗಿತ್ತು.

"ಒಮ್ಮೆಲೇ ನಿಲ್ಲಿಸಿದ್ದು ಯಾಕೆ? ಯಾರು ಹೇಳಿದ್ದು?" ಎಂದು ಕೇಳಿದರು ಐ.ಸಿ.ಯು. ಬಾಗಿಲಲ್ಲಿ ಡಾಕ್ಟರು.

"ಸಲಹೆಗಾರರು."

"ಅವರ ಕ್ವಾಲಿಫಿಕೇಶನ್ ಎಂತದು?"

"ಒಳ್ಳೆಯ ಮನೆಯವರು," ಎಂದರು ಕಮಲಕ್ಕ.

ಬರೆದುಕೊಳ್ಳಲು ಪೆನ್ನು ಹಿಡಿದಿದ್ದ ಡಾಕ್ಟರು ಅವರ ಮುಖವನ್ನೇ ನೋಡಿದರು. ಏನೂ ಬರೆಯದೆ ಒಳಗೆ ಹೋದರು.

ಸಮ್ಮೇದ್ ಉಸಿರಾಟದ ಮೆಷಿನಿನಲ್ಲಿ ಎರಡು ದಿನ ಇದ್ದು ಹೋದ. ಅಷ್ಟರಲ್ಲಿ ನೀರಿಳಿದು ಶ್ರೇಯಾ ಬಂದಿದ್ದಳು. ಅವಳು ಅತ್ತೆಗೆ ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂತು ಒಂದೇ ಮಾತು ಕೇಳಿದಳು: "ಆಫ್ರಾ ಮೇಡಂ ಹೇಳಿದ್ದು ನಿಮಗೂ ಕೇಳಿತ್ತಲ್ಲ ಅತ್ತೆ?" ಬೈದಿದ್ದರೆ ಕಮಲಕ್ಕ ತಡೆದುಕೊಳ್ಳುತ್ತಿದ್ದರೋ ಏನೋ.

ಊರಿಗೆ ‘ಹಾರ್ಟ್’ ಎಂದು ಹೇಳಿದ್ದಾಯಿತು. ಹೇಳಿದ್ದು ಚಂದ್ರರಾಜರು. ಅಕ್ಕಪಕ್ಕದವರಿಗೆ ಬೇರೆ ಗೊತ್ತಿದ್ದರೂ ಸಾವಿನ ಮನೆಯ ಮಾತನ್ನು ಯಾರೂ ತಿದ್ದಲಿಲ್ಲ. ಬಲ್ಲಾಳರೂ ಬಂದರು. ಅವರು ಅತ್ತದ್ದು ಸುಳ್ಳು ಅಳುವಲ್ಲ. "ನೇಮದಲ್ಲಿ ಇದ್ದುಕೊಂಡೇ ಹೋದ ಕಮಲಕ್ಕ, ಸದ್ಗತಿ ಸಿಗ್ತದೆ," ಎಂದರು. ಅವರಿಗೆ ತಾನು ಏನು ಮಾಡಿದೆ ಎನ್ನುವುದೇ ಗೊತ್ತಿರಲಿಲ್ಲ. ಕಮಲಕ್ಕ ಅವರಿಗೆ ಕುಡಿಯಲು ನೀರು ಕೊಟ್ಟರು.

ಶ್ರೇಯಾ ಆರೋಗ್ಯ ಇಲಾಖೆಗೆ ದೂರು ಕೊಡಬೇಕೆಂದಳು. "ಬೇಡ ಮಗಳೇ," ಎಂದರು ಚಂದ್ರರಾಜರು. "ಹೋದವನ ಹೆಸರು ಕುಡುಕ ಅಂತ ಕಾಗದದಲ್ಲಿ ಬರೆಸುದು ಬೇಡ. ನನಗಾಗಿ." ಮುದುಕ ಕೈಮುಗಿದದ್ದು ನೋಡಿ ಅವಳು ಸುಮ್ಮನಾದಳು. ಮನೆಯಲ್ಲಿ ಮೂವರೂ ಹೊತ್ತು ಮುಳುಗುವ ಮುಂಚೆ ಉಂಡು ಬೇರೆ ಬೇರೆ ಕೋಣೆಗೆ ಹೋಗುತ್ತಿದ್ದರು. ಪಾತ್ರೆ ಅಂಗಡಿಯ ಶಟರು ಎತ್ತುವವರಿರಲಿಲ್ಲ. ಕಮಲಕ್ಕನಿಗೆ ಫೋನುಗಳು ಬರುವುದೂ ನಿಂತಿತು. ಸೂತಕದ ಮನೆಯಲ್ಲಿ ಮದುವೆ ವಿಚಾರಿಸುವವರು ಯಾರು?

ಸೂತಕ ಕಳೆದು ಕೆಲವು ವಾರವಾದ ಮೇಲೆ, ಒಂದು ಮಧ್ಯಾಹ್ನ ಫೋನು ಬಂತು. ಕಕ್ಕಿಂಜೆಯ ಸುನಂದಾ.

"ಹೇಗಿದ್ದೀರಿ ಕಮಲಕ್ಕ? ನಿಮ್ಮ ಹತ್ರ ಮುಚ್ಚಿಡುದೆಂತ, ನಮ್ಮ ಮಗ ಸಮಂತನಿಗೂ ಕುಡಿಯುವ ಅಭ್ಯಾಸ ಜೋರಾಗಿದೆ. ಬೆಳಿಗ್ಗೆಯೇ ಬೇಕು. ಬಲ್ಲಾಳರನ್ನೇ ಕರೆಸಿದ್ದು. ನಿನ್ನೆ ನೇಮ ಹಿಡಿದಿದ್ದಾನೆ. ಇವತ್ತು ಸ್ವಲ್ಪ ನಡುಗುದು, ಬೆವರುದು ಉಂಟು. ನಿಮ್ಮ ಮನೆಯಲ್ಲಿ ಎಳನೀರು ಎಷ್ಟು ಕೊಡ್ತಿದ್ರಿ ಅಂತ ಕೇಳುವ ಅಂತ ಮಾಡಿದೆ."

ಕಮಲಕ್ಕ ಕೂತಲ್ಲಿಂದ ಎದ್ದರು. "ಸುನಂದಾ, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ಈಗಲೇ."

"ಯಾಕೆ?"

ಎದುರು ಕೂತಿದ್ದ ಚಂದ್ರರಾಜರು ಬೇಡ ಬೇಡವೆಂದು ಕೈ ಆಡಿಸುತ್ತಿದ್ದರು. ಕಮಲಕ್ಕ ಆ ಕಡೆ ಬೆನ್ನು ಹಾಕಿದರು.

"ನಮ್ಮ ಸಮ್ಮೇದ ಹೋದದ್ದು ಹಾರ್ಟಿನಿಂದ ಅಲ್ಲ. ಒಮ್ಮೆಲೇ ಕುಡಿತ ಬಿಡಿಸಿದ್ದಕ್ಕೆ ಫಿಟ್ಸ್ ಬಂದು ಹೋದ. ಬಲ್ಲಾಳರಿಗೆ ಈ ಕೆಲಸ ಗೊತ್ತಿಲ್ಲ. ಅವರು ಎಲ್ಲಿಯೂ ಕಲಿತಿಲ್ಲ."

ಸುನಂದಾಳ ಧ್ವನಿ ಮೃದುವಾಯಿತು. ಹುಷಾರಿಲ್ಲದವರ ಹತ್ತಿರ ಮಾತಾಡುವ ಧ್ವನಿ ಅದು.

"ನಿಮ್ಮ ದುಃಖ ನನಗೆ ಅರ್ಥ ಆಗ್ತದೆ ಕಮಲಕ್ಕ. ಮಗ ಹೋದ್ರೆ ಯಾರ ಮೇಲಾದ್ರೂ ಹಾಕ್ಬೇಕು ಅಂತ ಕಾಣ್ತದೆ. ಆದ್ರೆ ಪಾಪ, ಅಂಥವರ ಹೆಸರು ತೆಗೀಬಾರ್ದು. ನೀವು ಕರೆಸಿದ್ದು ಗೊತ್ತಾಗಿಯೇ ನಮಗೆ ಧೈರ್ಯ ಬಂದದ್ದಲ್ವಾ. ನೀವು ವಿಚಾರಿಸದೆ ಕರೆಸ್ತೀರಾ?"

"ನಾನು ವಿಚಾರಿಸಿದ್ದು ನಿನ್ನ ಹತ್ರವೇ ಅಲ್ವಾ ಸುನಂದಾ!"

"ಅದೇ ಹೇಳಿದ್ದು, ಒಳ್ಳೆಯ ಮನೆಯವರು. ಇಗೊಳ್ಳಿ, ಬಂದ್ರು, ಕಾರು ಕಾಣ್ತದೆ. ನೀವು ಸ್ವಲ್ಪ ಮಲಗಿ ಕಮಲಕ್ಕ. ಮತ್ತೆ ಮಾಡ್ತೇನೆ."

ಫೋನು ಕಟ್ಟಾಯಿತು. ಕಮಲಕ್ಕ ಮತ್ತೆ ಮಾಡಿದರು. ಎತ್ತಲಿಲ್ಲ. ಒಳಗಿನಿಂದ ಬಂದ ಶ್ರೇಯಾ ಮಾತೆಲ್ಲ ಕೇಳಿಸಿಕೊಂಡಿದ್ದಳು. ನಂಬರು ಕೇಳಿಕೊಂಡು ತನ್ನ ಮೊಬೈಲಿನಿಂದ ಮಾಡಿದಳು. ಗುರುತಿಲ್ಲದ ನಂಬರನ್ನು ಯಾರು ಎತ್ತುತ್ತಾರೆ? ಚಂದ್ರರಾಜರು ತಲೆ ತಗ್ಗಿಸಿ ಕೂತಿದ್ದರು.

ಸುಳ್ಳು ಹೇಳಿದಾಗಲೂ ಊರೆಲ್ಲ ನಂಬಿದ ಕಮಲಕ್ಕನ ಮಾತು, ನಿಜ ಹೇಳಿದ ದಿನ ಒಬ್ಬಳಿಗೂ ನಂಬಿಕೆಯಾಗಲಿಲ್ಲ.

"ಅವಳ ಗಂಡನ ನಂಬರ್ ಉಂಟಾ ಅತ್ತೆ? ಅಕ್ಕಪಕ್ಕದವರದ್ದು?" ಎಂದಳು ಶ್ರೇಯಾ.

"ಉಂಟು, ಎಲ್ಲರದ್ದೂ ಉಂಟು," ಎಂದರು ಕಮಲಕ್ಕ. ಫೋನನ್ನು ಸೊಸೆಯ ಕೈಗೆ ಕೊಟ್ಟರು. ಶ್ರೇಯಾ ಒಂದೊಂದೇ ಹೆಸರು ಓದುತ್ತಾ ಹೋದಳು, ಕಮಲಕ್ಕ ಯಾರ ಮನೆ ಯಾರದ್ದೆಂದು ಹೇಳುತ್ತಾ ಹೋದರು. ಮಾಡಿದ ಫೋನು ಎಲ್ಲೋ ರಿಂಗಾಗುತ್ತಿತ್ತು. ಯಾರೂ ಎತ್ತಲಿಲ್ಲ.